241 ಪೆನ್ನುಗಳು: ಗಾಂಧೀಜಿ ಹೆಸರಿನ ಸೀಮಿತ ಆವೃತ್ತಿಯೊಂದರ ಪ್ರಕರಣ ಅಧ್ಯಯನ

2009ರ ಸೆಪ್ಟೆಂಬರ್ ಕೊನೆಯಲ್ಲಿ, ಗಾಂಧಿ ಜಯಂತಿಗೆ ಕೆಲವೇ ದಿನ ಉಳಿದಿದ್ದಾಗ, ಜರ್ಮನಿಯ ಹ್ಯಾಂಬರ್ಗ್ ನಗರದ ಮಾಂಟ್‌ಬ್ಲಾಂಕ್ ಕಂಪನಿಯು ಮಹಾತ್ಮ ಗಾಂಧಿಯವರ ಹೆಸರಿನಲ್ಲಿ ತಯಾರಿಸಿದ ಫೌಂಟನ್ ಪೆನ್ನನ್ನು ಮುಂಬೈಯಲ್ಲಿ ಬಿಡುಗಡೆ ಮಾಡಿತು. ಇಡೀ ಜಗತ್ತಿಗೆಂದು ತಯಾರಾದದ್ದು 241 ಪೆನ್ನುಗಳು ಮಾತ್ರ, ಮತ್ತು ಒಂದೊಂದರ ಬೆಲೆ ಹನ್ನೊಂದು ಲಕ್ಷ ರೂಪಾಯಿಗೂ ಮೇಲಿತ್ತು. ಇದರ ಜೊತೆಗೆ 3000 ಸಂಖ್ಯೆಗೆ ಸೀಮಿತವಾದ, ಒಂದೂವರೆ ಲಕ್ಷದ ಆಸುಪಾಸಿನ ಇನ್ನೊಂದು ಆವೃತ್ತಿಯೂ ಬಂತು. ಕೆಲವು ತಿಂಗಳೊಳಗೆ ವಿಷಯ ಕೇರಳ ಹೈಕೋರ್ಟಿನ ಮೆಟ್ಟಿಲೇರಿತು, ಮತ್ತು 2010ರ ಆರಂಭದ ಹೊತ್ತಿಗೆ ಭಾರತದ ಮಳಿಗೆಗಳಲ್ಲಿ ಈ ಪೆನ್ನಿನ ಮಾರಾಟ ನಿಂತಿತು.

ಆಗ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಬೆಲೆಯ ಸುತ್ತಲೇ ಸುತ್ತಿತು. ಸರಳವಾಗಿ ಬದುಕಿದ ವ್ಯಕ್ತಿಯ ಹೆಸರಿನಲ್ಲಿ ಇಷ್ಟು ದುಬಾರಿ ವಸ್ತು ಇರಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ನನಗೆ ಆ ಪ್ರಶ್ನೆಗಿಂತ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು: ತಯಾರಕನ ಸ್ವಂತ ಇತಿಹಾಸದಿಂದ ಬಾರದೆ, ಮತ್ತೊಬ್ಬರ ಬದುಕಿನಿಂದ ತಂದ ಅರ್ಥದ ಮೇಲೆ ಒಂದು ಸರಕಿನ ಬೆಲೆ ನಿಂತಿರುವಾಗ, ಅದಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಯಾರದು? ಪೆನ್ನಿನ ರಚನೆ, ಅದರ ಸಂಖ್ಯೆ, ಹಣದ ಲೆಕ್ಕ, ಕಾನೂನು, ಗಾಂಧೀಜಿಯವರೇ ಬದುಕಿದ್ದಾಗ ನಡೆದುಕೊಂಡ ರೀತಿ, ಇವೆಲ್ಲವನ್ನೂ ಈ ಒಂದು ಪ್ರಶ್ನೆಯ ಹಿನ್ನೆಲೆಯಲ್ಲಿ ನೋಡಿದರೆ ಪ್ರಕರಣ ಸ್ಪಷ್ಟವಾಗುತ್ತದೆ.

ಪೆನ್ನು

ಪೆನ್ನಿನ ನಡುಭಾಗಕ್ಕೆ ಎಂಟು ಮೀಟರ್ ಉದ್ದದ ಚಿನ್ನದ ಎಳೆಯನ್ನು ಕೈಯಿಂದ ಸುತ್ತಲಾಗಿತ್ತು. ಅದು ಚರಕದ ಕದಿರಿಗೆ ಸುತ್ತಿಕೊಳ್ಳುವ ನೂಲಿನ ಸಂಕೇತ. ಕ್ಲಿಪ್ಪಿನ ಮೇಲೆ ಕೂರಿಸಿದ್ದ ಕೇಸರಿ ಬಣ್ಣದ ಮ್ಯಾಂಡರಿನ್ ಗಾರ್ನೆಟ್ ಹರಳು ಭಾರತದ ಬಾವುಟವನ್ನು ನೆನಪಿಸಬೇಕೆಂಬುದು ಆಶಯ. 18 ಕ್ಯಾರೆಟ್ ಚಿನ್ನದ ನಿಬ್ಬಿಗೆ ರೋಡಿಯಂ ಲೇಪನ ಕೊಟ್ಟು, ಅದರ ಮೇಲ್ಮೈಯಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯ ಆಕೃತಿಯನ್ನು ಕೊರೆಯಲಾಗಿತ್ತು.

ಇಲ್ಲಿ ನಿಬ್ಬಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಫೌಂಟನ್ ಪೆನ್ನಿನ ಜೀವವಿರುವುದೇ ಅಲ್ಲಿ. ಕಾಗದವನ್ನು ಮುಟ್ಟಿ ಬರೆಯುವುದು ಚಿನ್ನವಲ್ಲ, ನಿಬ್ಬಿನ ತುದಿಗೆ ಬೆಸೆದಿರುವ ಗಟ್ಟಿ ಮಿಶ್ರಲೋಹದ ಪುಟ್ಟ ಗುಂಡು. ಆ ಗುಂಡನ್ನು ಎರಡಾಗಿ ಸೀಳಿ, ಸೀಳನ್ನು ಹಿಂದಿನ ರಂಧ್ರದವರೆಗೂ ಒಯ್ದಿರುತ್ತಾರೆ. ನಿಬ್ಬಿನ ಕೆಳಗೆ ಅಂಟಿಕೊಂಡಿರುವ ಫೀಡ್ ಎಂಬ ಭಾಗದ ಸಣ್ಣ ಕಾಲುವೆಗಳಲ್ಲಿ ಕೇಶಾಕರ್ಷಣೆಯ ಬಲದಿಂದ ಶಾಯಿ ಇಳಿಯುತ್ತದೆ, ಇಳಿದಷ್ಟೇ ಗಾಳಿ ಒಳಗೆ ಹೋಗುತ್ತದೆ, ಮತ್ತು ಈ ಕೊಡುಕೊಳ್ಳುವಿಕೆ ಸರಿಯಾಗಿದ್ದರೆ ಮಾತ್ರ ಅಕ್ಷರ ತಡವರಿಸದೆ ಹರಿಯುತ್ತದೆ. ಹಿಂದಿನ ಕಾಲದ ಶಾಯಿಗಳಲ್ಲಿ ಆಮ್ಲದ ಅಂಶ ಹೆಚ್ಚಿದ್ದು, ಉಕ್ಕಿನ ನಿಬ್ಬು ಬೇಗ ತುಕ್ಕು ಹಿಡಿಯುತ್ತಿದ್ದರಿಂದ ಚಿನ್ನಕ್ಕೆ ಬೇಡಿಕೆ ಬಂತು. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ ಆ ಅನಿವಾರ್ಯವೂ ಉಳಿಯಲಿಲ್ಲ. 18 ಕ್ಯಾರೆಟ್ ನಿಬ್ಬು 14 ಕ್ಯಾರೆಟ್ ನಿಬ್ಬಿಗಿಂತ ಚೆನ್ನಾಗಿಯೇ ಬರೆಯುತ್ತದೆ ಎನ್ನುವಂತಿಲ್ಲ. ಬರವಣಿಗೆಯ ಗುಣ ನಿರ್ಧಾರವಾಗುವುದು ತುದಿಯನ್ನು ಉಜ್ಜಿ ಹದಗೊಳಿಸುವ ಕೈಯ ಕೌಶಲದಿಂದ.

ಆ ಕೌಶಲ ಮಾಂಟ್‌ಬ್ಲಾಂಕ್‌ನಲ್ಲಿ ನಿಜವಾಗಿಯೂ ಇದೆ. 1924ರಲ್ಲಿ ಮೈಸ್ಟರ್‌ಷ್ಟ್ಯುಕ್ ಎಂಬ ಹೆಸರಿನಿಂದ ಅವರು ಆರಂಭಿಸಿದ ಪೆನ್ನಿನ ಸಾಲು ಇಂದಿಗೂ ಮುಂದುವರಿದಿದೆ, ಮತ್ತು ಅದರಲ್ಲಿ ಬರೆದವರು ಅದರ ಗುಣವನ್ನು ಅಲ್ಲಗಳೆಯುವುದಿಲ್ಲ. ಆದರೆ ಗಾಂಧಿ ಪೆನ್ನಿನ ಬೆಲೆ ಏರಿದ್ದು ಈ ಕೌಶಲದಿಂದಲ್ಲ. ಚಿನ್ನದ ಎಳೆ, ಹರಳು, ಕೆತ್ತನೆ, ಇವು ಮೂರೂ ಅಕ್ಕಸಾಲಿಗನ ಕೆಲಸ; ಬರವಣಿಗೆಗೆ ಇವುಗಳಿಂದ ಏನೂ ಆಗಬೇಕಾಗಿಲ್ಲ. ಲೋಹದ ಮೌಲ್ಯದಿಂದಲೂ ಆ ಬೆಲೆ ಬರುವುದಿಲ್ಲ. ಆ ದಿನಗಳಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 16,000 ರೂಪಾಯಿ ಇತ್ತು. ಹನ್ನೊಂದು ಲಕ್ಷಕ್ಕೆ 650 ಗ್ರಾಂಗೂ ಹೆಚ್ಚು ಚಿನ್ನ ಬರುತ್ತಿತ್ತು. ಅಷ್ಟು ಭಾರದ ಪೆನ್ನನ್ನು ಹಿಡಿದು ಯಾರೂ ಬರೆಯಲಾರರು. ಹಾಗಾದರೆ ಉಳಿದ ಬೆಲೆ ಎಲ್ಲಿಂದ ಬಂತು ಎಂದರೆ, ಒಂದು ಪಾಲು ಕೆಲಸಗಾರಿಕೆಯಿಂದ, ಒಂದು ಪಾಲು ಕಂಪನಿಯ ಹೆಸರಿನಿಂದ, ಬಹುದೊಡ್ಡ ಪಾಲು ಆ 241 ಎಂಬ ಸಂಖ್ಯೆಯಿಂದ ಮತ್ತು ಅದರ ಹಿಂದಿದ್ದ ವ್ಯಕ್ತಿಯಿಂದ.

ಸಂಖ್ಯೆ ಎಲ್ಲಿಂದ ಬರುತ್ತದೆ

ಬಾಲ್‌ಪೆನ್ ಬಂದು ದೈನಂದಿನ ಬರವಣಿಗೆಯಿಂದ ಶಾಯಿ ಪೆನ್ನನ್ನು ಬದಿಗೊತ್ತಿದ ಮೇಲೆ, ಪೆನ್ನು ತಯಾರಕರಿಗೆ ಉಳಿದದ್ದು ಸಂಗ್ರಾಹಕರ ಮಾರುಕಟ್ಟೆ. ಅಲ್ಲಿ ಸೀಮಿತ ಆವೃತ್ತಿ ಎಂಬುದು ಬಹುಮುಖ್ಯ ವ್ಯಾಪಾರ ವಿಧಾನವಾಯಿತು. ಇದರ ಮೊದಲಿಗರಲ್ಲಿ ಅಮೆರಿಕದ ಪಾರ್ಕರ್ ಕಂಪನಿಯನ್ನು ಹೆಸರಿಸುವುದು ರೂಢಿ. 1715ರಲ್ಲಿ ಫ್ಲಾರಿಡಾ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದ ಸ್ಪೇನಿನ ನೌಕಾಪಡೆಯಿಂದ ಮೇಲೆತ್ತಿದ ಬೆಳ್ಳಿಯನ್ನು ಕೊಂಡು, 1965ರಲ್ಲಿ ಅವರು ಪಾರ್ಕರ್ 75 ಮಾದರಿಯ 4,821 ಪೆನ್ನುಗಳನ್ನು ತಯಾರಿಸಿದರು. ಅಲ್ಲಿ ಮಿತಿಯನ್ನು ಹಾಕಿದ್ದು ವಸ್ತುವೇ: ಸಮುದ್ರದಿಂದ ಬಂದ ಬೆಳ್ಳಿ ಮುಗಿದರೆ ಪೆನ್ನೂ ಮುಗಿಯಿತು.

ಆ ನಂತರ ಬಂದ ಆವೃತ್ತಿಗಳಲ್ಲಿ ಸಂಖ್ಯೆ ವಸ್ತುವಿನಿಂದ ಕಳಚಿಕೊಂಡು ಸಂಕೇತವಾಯಿತು. ನಿಂತುಹೋಗಿ ದಶಕಗಳ ಬಳಿಕ ಮತ್ತೆ ಜೀವ ಪಡೆದ ಹಳೆಯ ಪೆನ್ನು ಹೆಸರುಗಳು ಈ ವಿಧಾನವನ್ನು ವಿಶೇಷವಾಗಿ ನೆಚ್ಚಿಕೊಂಡವು. 1905ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1975ರಲ್ಲಿ ಮುಚ್ಚಿ 1990ರ ದಶಕದಲ್ಲಿ ಮರಳಿದ ಕಾನ್ವೇ ಸ್ಟೀವರ್ಟ್, 1858ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಆರಂಭವಾಗಿ ನಮ್ಮ ಕಾಲದಲ್ಲಿ ಹೊಸ ಒಡೆತನದಲ್ಲಿ ಮತ್ತೆ ಬಂದ ಎಸ್ಟರ್‌ಬ್ರುಕ್, 1898ರಲ್ಲಿ ಓಹಾಯೋದ ಟೊಲೀಡೋದಲ್ಲಿ ಶುರುವಾದ ಕಾಂಕ್ಲಿನ್, ಇವೆಲ್ಲ ತಮ್ಮ ಹಳೆಯ ಮಾದರಿ, ಹಳೆಯ ಬಣ್ಣ, ಹಳೆಯ ಊರಿನ ನೆನಪುಗಳನ್ನೇ ಹೊಸ ಪೆನ್ನುಗಳಿಗೆ ಹೆಸರಾಗಿ, ಗುರುತಾಗಿ ಬಳಸಿಕೊಂಡವು. ಒಡೆತನ ಕೈ ಬದಲಾಯಿಸಿದ್ದರೂ ಆ ಇತಿಹಾಸ ಅದೇ ಹೆಸರಿನ ಇತಿಹಾಸ. ಮಾಂಟ್‌ಬ್ಲಾಂಕ್ ಕೂಡ ತನ್ನ ನಿಬ್ಬುಗಳ ಮೇಲೆ ಬಹುಕಾಲದಿಂದ ಕೆತ್ತುತ್ತಿರುವ 4810 ಎಂಬ ಅಂಕಿಯನ್ನು, ಅಂದರೆ ಮಾಂಟ್‌ಬ್ಲಾಂಕ್ ಪರ್ವತದ ಮೀಟರ್ ಲೆಕ್ಕದ ಎತ್ತರವನ್ನು, ಇಟಲಿಯ ಹಳೆಯ ಕಲಾಪೋಷಕ ಲೊರೆಂಜೊ ದೆ ಮೆದಿಚಿಯ ಹೆಸರಿನ 1992ರ ಆವೃತ್ತಿಯ ಮಿತಿಯಾಗಿ ಇಟ್ಟುಕೊಂಡಿತ್ತು. ಮೆದಿಚಿಯ ಹೆಸರು ಬೇರೆಯವರದಾದರೂ ಸಂಖ್ಯೆ ಕಂಪನಿಯದೇ ಆಗಿತ್ತು. ತನ್ನದನ್ನು ತಾನು ನೆನೆಯುವುದರಲ್ಲಿ ಯಾರ ತಕರಾರೂ ಇರಲಾರದು.

241 ಹಾಗಲ್ಲ. ಅದು 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ಹೊರಟು ಏಪ್ರಿಲ್ 6ರಂದು ದಂಡಿಯ ಕಡಲತೀರದಲ್ಲಿ ಉಪ್ಪು ಎತ್ತಿಕೊಂಡ ಸತ್ಯಾಗ್ರಹದ ನಡಿಗೆಯ ಮೈಲಿಗಳ ಲೆಕ್ಕ. ಆ ಮೈಲಿಗಳನ್ನು ನಡೆದವರು ಅರವತ್ತು ದಾಟಿದ್ದ ಗಾಂಧೀಜಿ ಒಬ್ಬರೇ ಅಲ್ಲ. ಅವರು ಆರಿಸಿಕೊಂಡಿದ್ದ 78 ಮಂದಿ ಸಂಗಡಿಗರಲ್ಲಿ ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು. 1911ರಲ್ಲಿ ಹುಟ್ಟಿದ ಅವರಿಗೆ ಆಗ ಹತ್ತೊಂಬತ್ತೂ ತುಂಬಿರಲಿಲ್ಲ. ಮುಂದೆ ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಅವರು ಇಬ್ಬರು ಸಂಗಾತಿಗಳೊಡನೆ ಬಲಿಯಾದರು. ಹಾವೇರಿ ಸೀಮೆಯಲ್ಲಿ ಆ ಹೆಸರನ್ನು ಇಂದಿಗೂ ಗೌರವದಿಂದ ಹೇಳುತ್ತಾರೆ. ಒಂದು ಸಂಖ್ಯೆಯನ್ನು ಇತಿಹಾಸದಿಂದ ತೆಗೆದುಕೊಂಡಾಗ ಅದರೊಳಗೆ ಎಷ್ಟು ಜನರ ಪಾದಗಳಿವೆ ಎಂಬುದು ಕಂಪನಿಯ ಕೈಪಿಡಿಯಲ್ಲಿ ಬರುವ ವಿಷಯವಲ್ಲ, ಆದರೆ ಒಪ್ಪಿಗೆಯ ಪ್ರಶ್ನೆ ಎತ್ತುವಾಗ ಅದನ್ನು ಬಿಟ್ಟು ಮಾತನಾಡುವಂತಿಲ್ಲ. ದಂಡಿಯ ಮೈಲಿಗಳು ಒಂದು ಕುಟುಂಬದ ಸೊತ್ತಲ್ಲ, ಒಂದು ಕಂಪನಿಯ ಸಂಕೇತವೂ ಅಲ್ಲ.

ಉಪ್ಪಿನ ಸತ್ಯಾಗ್ರಹದ ಇನ್ನೊಂದು ಮುಖವೂ ಇಲ್ಲಿ ನೆನಪಾಗಬೇಕು. ಗಾಂಧೀಜಿ ಉಪ್ಪನ್ನು ಆರಿಸಿಕೊಂಡದ್ದಕ್ಕೆ ಕಾರಣ, ಅದು ಎಲ್ಲರ ಮನೆಯಲ್ಲೂ ಬೇಕಾದದ್ದು ಮತ್ತು ಎಲ್ಲರೂ ತೆರಿಗೆ ಕೊಡಬೇಕಾಗಿದ್ದದ್ದು. ಕೆಲವರ ಕೈಗೆ ಮಾತ್ರ ಸಿಗುವಂತೆ ಮಾಡಿದ್ದನ್ನು ಎಲ್ಲರ ಕೈಗೂ ತಂದುಕೊಡುವುದು ಆ ನಡಿಗೆಯ ಸಾರ. ನಮ್ಮ ಅಂಕೋಲೆಯ ಜನ ಅದೇ ವರ್ಷ ಕಡಲ ದಂಡೆಗೆ ಹೋಗಿ ಉಪ್ಪು ತಯಾರಿಸಿ ಕಾನೂನು ಮುರಿದದ್ದೂ ಅದೇ ಅರ್ಥದಲ್ಲಿ. ಸೀಮಿತ ಆವೃತ್ತಿಯ ತತ್ವ ಇದಕ್ಕೆ ನೇರ ವಿರುದ್ಧವಾದದ್ದು. ಎಲ್ಲರಿಗೂ ಮಾಡಬಹುದಾದ ವಸ್ತುವನ್ನು ಬೇಕೆಂದೇ ಕೆಲವರಿಗೆ ಮಾತ್ರ ಮಾಡುವುದರಲ್ಲಿ ಅದರ ಬೆಲೆಯಿದೆ. ಪೆನ್ನಿನ ಬೆಲೆಗಿಂತ ಹೆಚ್ಚಾಗಿ ಈ ಹೊಂದಾಣಿಕೆಯಾಗದ ಜೋಡಣೆಯೇ ನನಗೆ ನೋವಿನ ಸಂಗತಿ.

ಹಣ

ಎಲ್ಲ 241 ಪೆನ್ನುಗಳೂ ಹನ್ನೊಂದು ಲಕ್ಷದ ಲೆಕ್ಕದಲ್ಲೇ ಮಾರಾಟವಾದರೆ ಒಟ್ಟು ಮೊತ್ತ 26 ಕೋಟಿ ರೂಪಾಯಿ ದಾಟುತ್ತದೆ. ಗಾಂಧೀಜಿಯವರ ಮರಿಮಗ ತುಷಾರ್ ಗಾಂಧಿ ಈ ಪೆನ್ನಿಗೆ ಬೆಂಬಲ ನೀಡಿದ್ದರು, ಮತ್ತು ಅವರ ಮಹಾತ್ಮ ಗಾಂಧಿ ಫೌಂಡೇಶನ್‌ಗೆ ಕಂಪನಿ ಕೊಟ್ಟ ದೇಣಿಗೆ ಸುಮಾರು 72 ಲಕ್ಷ ರೂಪಾಯಿ ಎಂದು ಆಗ ವರದಿಯಾಯಿತು. ದುಡಿಮೆಯಿಂದ ಬಿಡಿಸಿ ತಂದ ಮಕ್ಕಳಿಗೆ ಆಶ್ರಯ ಕಟ್ಟುವಂಥ ಒಳ್ಳೆಯ ಕೆಲಸಕ್ಕೆ ಆ ಹಣ ಎಂದು ಹೇಳಲಾಗಿತ್ತು. ಅದರ ಒಳ್ಳೆಯತನವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ದೇಣಿಗೆಯನ್ನು ಒಪ್ಪಿಗೆಯ ಜಾಗದಲ್ಲಿ ಕೂರಿಸಿದರೆ ಲೆಕ್ಕ ತಪ್ಪುತ್ತದೆ. ಒಟ್ಟು ಮೊತ್ತದಲ್ಲಿ ಆ ದೇಣಿಗೆ ನೂರಕ್ಕೆ ಮೂರು ಪಾಲೂ ಆಗುವುದಿಲ್ಲ, 3000ದ ಆವೃತ್ತಿಯ ಮೊತ್ತ ಸೇರಿಸಿದರೆ ಇನ್ನೂ ಕಡಿಮೆ.

ಅದೇ ವಾರ, 2009ರ ಅಕ್ಟೋಬರ್ 2ರಂದು, ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ ಕೇಂದ್ರ ಸರ್ಕಾರ ಮಹಾತ್ಮ ಗಾಂಧಿಯವರ ಹೆಸರಿಡುವುದಾಗಿ ಘೋಷಿಸಿತು. ಆಗಿನ ಕೂಲಿ ದಿನಕ್ಕೆ 100 ರೂಪಾಯಿಯ ಮಟ್ಟದಲ್ಲಿತ್ತು ಮತ್ತು ಖಾತರಿ ವರ್ಷಕ್ಕೆ 100 ದಿನಗಳದ್ದು. ಒಂದು ಪೆನ್ನಿನ ಬೆಲೆಯಲ್ಲಿ 110 ಕುಟುಂಬಗಳಿಗೆ ಇಡೀ ವರ್ಷದ ಖಾತರಿಯ ಕೂಲಿ ಕೊಡಬಹುದಾಗಿತ್ತು. ಒಂದೇ ಹೆಸರು ಒಂದೇ ವಾರದಲ್ಲಿ ಎರಡು ಕಡೆ ಬಳಕೆಯಾದಾಗ ಈ ಹೋಲಿಕೆ ತಾನಾಗಿ ಕಣ್ಣಿಗೆ ಬೀಳುತ್ತದೆ.

2009 ಗಾಂಧಿ ಹೆಸರಿನ ವಿಷಯದಲ್ಲಿ ಬಹಳ ಸಂಗತಿಗಳು ಒಟ್ಟಿಗೆ ಬಂದ ವರ್ಷ. ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅವರ ಕನ್ನಡಕ, ಚಪ್ಪಲಿ, ಜೇಬು ಗಡಿಯಾರ, ಬಟ್ಟಲು, ತಟ್ಟೆಗಳು ಹರಾಜಿಗೆ ಬಂದು, ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 18 ಲಕ್ಷ ಡಾಲರ್‌ಗೆ ಅವುಗಳನ್ನು ಕೊಂಡರು. ಆ ಹರಾಜು ಎಷ್ಟೇ ಅಸಮಾಧಾನ ಹುಟ್ಟಿಸಿದರೂ, ಅಲ್ಲಿದ್ದದ್ದು ಅವರು ನಿಜವಾಗಿ ಬಳಸಿದ ವಸ್ತುಗಳು. ಪೆನ್ನಿನಲ್ಲಿ ಅವರ ಕೈ ಸೋಕಿದ ಯಾವುದೂ ಇರಲಿಲ್ಲ.

ಕಾನೂನು ಏನು ಹೇಳುತ್ತದೆ

ಗಾಂಧೀಜಿ ತಮ್ಮ ಬರಹಗಳ ಹಕ್ಕನ್ನು ನವಜೀವನ ಟ್ರಸ್ಟಿಗೆ ಬಿಟ್ಟಿದ್ದರು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಸಿ 60 ವರ್ಷಗಳ ನಂತರ ಹಕ್ಕು ಮುಗಿಯುತ್ತದೆ, ಹಾಗಾಗಿ 2009ರ ಜನವರಿ 1ರಿಂದ ಅವರ ಬರಹಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾಯಿತು. ಟ್ರಸ್ಟ್ ಅವಧಿ ವಿಸ್ತರಣೆಗೆ ಹಟ ಹಿಡಿಯಲಿಲ್ಲ. ಬರಹ ಹೀಗೆ ಎಲ್ಲರದಾದ ವರ್ಷದಲ್ಲೇ ಹೆಸರಿನ ಪ್ರಶ್ನೆ ಕೋರ್ಟಿಗೆ ಬಂತು, ಮತ್ತು ಹೆಸರಿನ ಕಾನೂನು ಬರಹದ ಕಾನೂನಿಗಿಂತ ಬೇರೆ.

1950ರ ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯ್ದೆಯ 3ನೇ ಸೆಕ್ಷನ್, ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅನುಸೂಚಿಯಲ್ಲಿರುವ ಹೆಸರನ್ನಾಗಲಿ ಲಾಂಛನವನ್ನಾಗಲಿ ವ್ಯಾಪಾರ, ವ್ಯವಹಾರ, ವೃತ್ತಿ, ಟ್ರೇಡ್‌ಮಾರ್ಕ್ ಅಥವಾ ವಿನ್ಯಾಸಕ್ಕಾಗಿ ಬಳಸುವಂತಿಲ್ಲ ಎನ್ನುತ್ತದೆ. ಅನುಸೂಚಿಯಲ್ಲಿ ಛತ್ರಪತಿ ಶಿವಾಜಿ, ಜವಾಹರಲಾಲ್ ನೆಹರೂ ಮೊದಲಾದವರೊಡನೆ ಮಹಾತ್ಮ ಗಾಂಧಿಯವರ ಹೆಸರೂ ಚಿತ್ರವೂ ಇವೆ. ಅಲ್ಲಿ ಒಂದೇ ಒಂದು ವಿನಾಯಿತಿ ಕ್ಯಾಲೆಂಡರಿಗೆ: ತಯಾರಕರ ಮತ್ತು ಮುದ್ರಕರ ಹೆಸರು ಮಾತ್ರ ಇದ್ದು, ಸರಕಿನ ಜಾಹೀರಾತಿಗೆ ಬಳಕೆಯಾಗದ ಕ್ಯಾಲೆಂಡರಿನಲ್ಲಿ ಚಿತ್ರ ಹಾಕಬಹುದು. ಊರೂರಿನ ಮನೆಗಳ ಗೋಡೆಯ ಮೇಲೆ ತೂಗುವ ಗಾಂಧಿ ಚಿತ್ರವನ್ನು ಅಪರಾಧವಾಗಿಸದಂತೆ ಕಾನೂನು ಬರೆದವರು ಎಷ್ಟು ಜಾಗ್ರತೆ ವಹಿಸಿದ್ದರೆಂಬುದು ಈ ಒಂದು ಸಾಲಿನಿಂದ ತಿಳಿಯುತ್ತದೆ.

ಕಾಯ್ದೆಯಲ್ಲಿ ವಂಶಸ್ಥರ ಪ್ರಸ್ತಾಪವೇ ಇಲ್ಲ ಎಂಬುದನ್ನು ಗಮನಿಸಬೇಕು. ಮಗನೋ ಮೊಮ್ಮಗನೋ ಒಪ್ಪಿದರೆ ಸಾಕು ಎಂದು ಅದು ಹೇಳುವುದಿಲ್ಲ, ಅವರು ಒಪ್ಪದಿದ್ದರೆ ಆಗದು ಎಂದೂ ಹೇಳುವುದಿಲ್ಲ. ಹೆಸರು ದೇಶದ್ದು, ಹಾಗಾಗಿ ಅನುಮತಿ ಕೊಡಬೇಕಾದದ್ದು ಸಾರ್ವಜನಿಕರಿಗೆ ಉತ್ತರ ಹೇಳಬೇಕಾದ ಸರ್ಕಾರ, ಇದು ಕಾಯ್ದೆಯ ನಿಲುವು. ಕುಟುಂಬದ ಬೆಂಬಲಕ್ಕೆ ನೈತಿಕ ತೂಕ ಇರಬಹುದು, ಕಾನೂನಿನ ತೂಕ ಇಲ್ಲ. ಕೇರಳದ ಗ್ರಾಹಕ ಶಿಕ್ಷಣ ಸಂಸ್ಥೆಯೊಂದು ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದಾಗ ಹಿಡಿದ ದಾರಿಯೂ ಇದೇ. ಪೆನ್ನು ದುಬಾರಿ ಎಂಬ ದೂರನ್ನು ಹೊತ್ತು ಯಾವ ಕೋರ್ಟಿಗೂ ಹೋಗುವಂತಿಲ್ಲ, ಏಕೆಂದರೆ ದುಬಾರಿ ವಸ್ತು ಮಾರುವುದು ಅಪರಾಧವಲ್ಲ. ಅನುಮತಿ ಇದೆಯೇ ಎಂದು ಕೇಳಬಹುದು, ಮತ್ತು ಅರ್ಜಿದಾರರು ಅದನ್ನೇ ಕೇಳಿದರು. ಬೆಲೆಯ ಕುರಿತು ಪತ್ರಿಕೆಗಳಲ್ಲಿ ನಡೆದ ಇಡೀ ಗದ್ದಲಕ್ಕಿಂತ ಈ ಸರಳ ಪ್ರಶ್ನೆ ಹೆಚ್ಚು ಕೆಲಸ ಮಾಡಿತು.

ಕಾಯ್ದೆಯ ದೌರ್ಬಲ್ಯ ಅದರ 5ನೇ ಸೆಕ್ಷನ್ನಿನಲ್ಲಿತ್ತು. ನಿಯಮ ಮುರಿದವರಿಗೆ ಅಲ್ಲಿ ಹೇಳಿದ ಶಿಕ್ಷೆ ಹೆಚ್ಚೆಂದರೆ 500 ರೂಪಾಯಿ ದಂಡ. 1950ರಲ್ಲಿ ಅದು ದೊಡ್ಡ ಮೊತ್ತವೇ ಆಗಿದ್ದಿರಬಹುದು, ಆದರೆ 2009ರಲ್ಲಿ ಅದು ಯಾರನ್ನೂ ತಡೆಯುವಂಥದ್ದಾಗಿರಲಿಲ್ಲ. ಮೊಕದ್ದಮೆ ಹೂಡಲೂ ಕೇಂದ್ರ ಸರ್ಕಾರದ ಪೂರ್ವಮಂಜೂರಾತಿ ಬೇಕಿತ್ತು. ಮಾರಾಟವನ್ನು ನಿಲ್ಲಿಸಿದ್ದು ದಂಡದ ಹೆದರಿಕೆಯಲ್ಲ, ತೆರೆದ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕಾಗಿ ಬಂದದ್ದು ಎಂದು ನಾನು ತಿಳಿದಿದ್ದೇನೆ.

ಗಾಂಧೀಜಿ ಸ್ವತಃ ಹೇಗೆ ನಡೆದುಕೊಂಡರು

ತಮ್ಮ ಹೆಸರು ಸರಕಿನ ಮೇಲೆ ಬರುವ ಸಂದರ್ಭವನ್ನು ಗಾಂಧೀಜಿ ಬದುಕಿದ್ದಾಗಲೇ ಎದುರಿಸಿದ್ದರು. 1921ರಲ್ಲಿ ಯಾರೋ ಅವರಿಗೆ ಮಹಾತ್ಮ ಗಾಂಧಿ ಸಿಗರೇಟು ಎಂದು ಮುದ್ರಿಸಿದ್ದ ಚೀಟಿಯೊಂದನ್ನು ಕಳಿಸಿದರು. ತಮ್ಮ ಹೆಸರಿಗೆ ಆಗಿರುವ ದುರುಪಯೋಗಗಳಲ್ಲೆಲ್ಲ ಇದರಷ್ಟು ಅವಮಾನಕರವಾದದ್ದು ಬೇರೆ ಇಲ್ಲವೆಂದು ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದ ಅವರು, ಸಿಗರೇಟಿಗೆ ತಮ್ಮ ಹೆಸರು ಬಳಸಲು ತಾವು ಯಾರಿಗೂ ಅನುಮತಿ ಕೊಟ್ಟಿಲ್ಲವೆಂದು ಸ್ಪಷ್ಟಪಡಿಸಿ, ಆ ಚೀಟಿಗಳನ್ನು ಹಿಂತೆಗೆದುಕೊಳ್ಳುವಂತೆ ಕೋರಿದರು. ಅಲ್ಲಿಯೂ ಮಾತು ಅನುಮತಿಯದೇ.

ಇದರ ಎದುರಿಗೆ ಇಡಬೇಕಾದ ಸಂಗತಿಯೂ ಉಂಟು, ಮತ್ತು ಅದನ್ನು ಮರೆಮಾಡಿದರೆ ಪ್ರಕರಣಕ್ಕೆ ನ್ಯಾಯ ಸಲ್ಲದು. ಗಾಂಧೀಜಿ ತಮ್ಮ ಹೆಸರಿನಿಂದ ಹಣ ಎತ್ತುವುದಕ್ಕೆ ಸಂಕೋಚಪಟ್ಟವರಲ್ಲ. ಹರಿಜನ ನಿಧಿಗಾಗಿ ಅವರು ತಮ್ಮ ಹಸ್ತಾಕ್ಷರಕ್ಕೆ ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದರು, ಪ್ರವಾಸದಲ್ಲಿ ತಮಗೆ ಬಂದ ಕಾಣಿಕೆಗಳನ್ನು ಸಭೆಯಲ್ಲೇ ಹರಾಜು ಹಾಕುತ್ತಿದ್ದರು. ಪೆನ್ನನ್ನು ಸಮರ್ಥಿಸುವವರು ಇದನ್ನು ಮುಂದಿಟ್ಟರೆ ಅದು ಗಂಭೀರವಾದ ವಾದವೇ. ಆದರೆ ಆ ಹಣದ ದಿಕ್ಕನ್ನು ನೋಡಬೇಕು. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಕತೆಗಾರ್ತಿ ಕೊಡಗಿನ ಗೌರಮ್ಮ ಉಪವಾಸ ಕೂತು, ಅವರು ಬಂದಾಗ ತಮ್ಮ ಆಭರಣಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. ಅಲ್ಲಿ ಚಿನ್ನ ಮೈಯಿಂದ ಇಳಿದು ನಿಧಿಗೆ ಸೇರಿತು, ಮತ್ತು ಐದು ರೂಪಾಯಿಯ ಹಸ್ತಾಕ್ಷರದ ಹಣವೂ ಪೂರ್ತಿಯಾಗಿ ಅಲ್ಲಿಗೇ ಹೋಯಿತು. ಪೆನ್ನಿನಲ್ಲಿ ಅದೇ ಹೆಸರಿನ ಸುತ್ತ ಚಿನ್ನವನ್ನು ಸುತ್ತಲಾಯಿತು, ಮತ್ತು ಕೊಟ್ಟವನ ಕೈಗೆ ಒಡವೆಯೊಂದು ಬಂತು.

ಪೆನ್ನಿನ ವಿಷಯದಲ್ಲೇ ಗಾಂಧೀಜಿ ಒಪ್ಪಿಗೆ ಕೊಟ್ಟ ಉದಾಹರಣೆ ನಮ್ಮ ನೆರೆಯ ಆಂಧ್ರದಲ್ಲಿದೆ. ಗೋದಾವರಿ ದಂಡೆಯ ರಾಜಮಂಡ್ರಿಯ ಕೆ.ವಿ. ರತ್ನಂ 1921ರಲ್ಲಿ ಗಾಂಧೀಜಿಯನ್ನು ಕಂಡಾಗ, ಜನರಿಗೆ ದಿನಬಳಕೆಗೆ ಬೇಕಾದ ಸ್ವದೇಶಿ ವಸ್ತುವನ್ನು ತಯಾರಿಸು ಎಂಬ ಸಲಹೆ ಸಿಕ್ಕಿತು. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕಡ್ಡಿಯನ್ನು ಲೇತ್ ಯಂತ್ರದ ಮೇಲೆ ಕಡೆದು ಪೆನ್ನು ಮಾಡುವ ಕೆಲಸವನ್ನು ಅವರು ವರ್ಷಗಟ್ಟಲೆ ಹದಕ್ಕೆ ತಂದರು. ಪೆನ್ನು ಗಾಂಧೀಜಿಗೆ ತಲುಪಿದ್ದು ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಜೆ.ಸಿ. ಕುಮಾರಪ್ಪನವರ ಮೂಲಕ. 1935ರ ಜುಲೈ 16ರಂದು ವಾರ್ಧಾದಿಂದ ಬರೆದ ಪುಟ್ಟ ಪತ್ರದಲ್ಲಿ ಗಾಂಧೀಜಿ ಕೃತಜ್ಞತೆ ಹೇಳಿ, ತಾವು ಆ ಪೆನ್ನಿನಿಂದ ಬರೆದು ನೋಡಿರುವುದಾಗಿಯೂ, ಪೇಟೆಯಲ್ಲಿ ಕಾಣುವ ವಿದೇಶಿ ಪೆನ್ನುಗಳಿಗೆ ಅದು ಒಳ್ಳೆಯ ಬದಲಿಯೆಂದು ತೋರುವುದಾಗಿಯೂ ತಿಳಿಸಿದರು. ಹೊಗಳಿಕೆಯಲ್ಲಿ ಎಷ್ಟು ಹಿಡಿತವಿದೆ ಎಂಬುದನ್ನು ನೋಡಿ. ಮಾತು ಪೆನ್ನಿನ ಕೆಲಸದ ಬಗ್ಗೆ ಮಾತ್ರ, ಬಳಸಿದ ಮೇಲೆ ಮಾತ್ರ. ರತ್ನಂ ಪೆನ್ನು ಇಂದಿಗೂ ರಾಜಮಂಡ್ರಿಯಲ್ಲಿ ಕೈಯಿಂದಲೇ ತಯಾರಾಗುತ್ತದೆ, ಮತ್ತು ಅದರ ಪರಂಪರೆಯ ಮಾತು ಬಂದಾಗ ಆ ಪತ್ರವೇ ಮುಂದೆ ಬರುತ್ತದೆ. ಬದುಕಿದ್ದ ಗಾಂಧಿಯವರಿಂದ ಅವರು ಅದನ್ನು ಕೆಲಸದ ಮೂಲಕ ಪಡೆದುಕೊಂಡದ್ದರಿಂದ ಆ ಬಳಕೆ ನ್ಯಾಯವಾದದ್ದು.

ಗಾಂಧೀಜಿಗೂ ಬರವಣಿಗೆಗೂ ಇದ್ದ ನಂಟು ಹುಸಿಯಲ್ಲ ಎಂಬುದನ್ನು ಕಂಪನಿಯ ಪರವಾಗಿ ಒಪ್ಪಿಕೊಳ್ಳಲೇಬೇಕು. 1909ರ ನವೆಂಬರ್‌ನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವ ಕಿಲ್ಡೋನನ್ ಕ್ಯಾಸಲ್ ಹಡಗಿನಲ್ಲಿ, ಹಡಗಿನದೇ ಕಾಗದದ ಮೇಲೆ, ಬಲಗೈ ಸೋತಾಗ ಎಡಗೈಯಿಂದ ಬರೆದು ಅವರು ಹಿಂದ್ ಸ್ವರಾಜ್ ಮುಗಿಸಿದರು. ಪೆನ್ನಿನ ಕಂಪನಿಯೊಂದು ಗೌರವಿಸಬೇಕಾದ ವ್ಯಕ್ತಿ ಅವರು ಎನ್ನುವುದರಲ್ಲಿ ಸಂದೇಹವಿಲ್ಲ. ಆ ಗೌರವಕ್ಕೆ ಯೋಗ್ಯವಾದ ರೂಪಗಳೂ ಇದ್ದವು. ಸಾಮಾನ್ಯ ಬೆಲೆಯ, ಸಂಖ್ಯೆಯ ಮಿತಿಯಿಲ್ಲದ, ಶಾಲೆಯ ಮಕ್ಕಳೂ ಬಳಸಬಹುದಾದ ಪೆನ್ನನ್ನು ಇಂಥ ಕೌಶಲವುಳ್ಳ ಕಂಪನಿ ತಯಾರಿಸಿ, ಮೊದಲು ಸರ್ಕಾರದ ಅನುಮತಿ ಪಡೆದಿದ್ದರೆ, ನಾನು ಅದನ್ನು ಕೊಂಡು ಬರೆಯುತ್ತಿದ್ದೆ.

ಭಾರತದಲ್ಲಿ ಮಾರಾಟ ನಿಂತ ಮೇಲೆ ಪ್ರಕರಣದ ಕಾವು ಬೇಗ ಆರಿತು. ಪೆನ್ನು ಹೊರದೇಶಗಳ ಸಂಗ್ರಾಹಕರ ನಡುವೆ ಕೈಯಿಂದ ಕೈಗೆ ಹೋಗುತ್ತಿದೆ, ಏಕೆಂದರೆ ನಮ್ಮ ಕಾಯ್ದೆ ಹೊರದೇಶದ ಅಂಗಡಿಗೆ ಅನ್ವಯಿಸುವುದಿಲ್ಲ. ಹಾಗಾಗಿ ತಯಾರಕರು ಹಣ ಕಳೆದುಕೊಂಡರೋ ಇಲ್ಲವೋ ಎಂಬುದರ ಮೇಲೆ ಈ ಪ್ರಕರಣವನ್ನು ಅಳೆಯುವುದು ಸರಿಯಲ್ಲ. ವಂಶಸ್ಥರ ಸಮ್ಮತಿ, ಧರ್ಮಕಾರ್ಯಕ್ಕೆ ದೇಣಿಗೆ, ಗೌರವಾರ್ಪಣೆಯ ಮಾತು, ಈ ಮೂರನ್ನು ಒಟ್ಟು ಸೇರಿಸಿದರೂ ಅನುಮತಿಯ ಜಾಗ ತುಂಬುವುದಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಕಾಣುವಂತೆ ಚರ್ಚೆಗೆ ಬಂತು. ಮುಂದೆ 2023ರಲ್ಲಿ ದೆಹಲಿ ಹೈಕೋರ್ಟ್, ನಟ ಸುಶಾಂತ್ ಸಿಂಗ್ ರಜಪೂತ್ ಅವರಿಗೆ ಸಂಬಂಧಿಸಿದ ಬೇರೆಯದೇ ಮೊಕದ್ದಮೆಯಲ್ಲಿ, ವ್ಯಕ್ತಿಯ ಖಾಸಗಿತನ ಮತ್ತು ಪ್ರಚಾರದ ಹಕ್ಕುಗಳು ಅವರೊಂದಿಗೇ ಕೊನೆಗೊಳ್ಳುತ್ತವೆ, ಆಸ್ತಿಯಂತೆ ವಾರಸುದಾರರಿಗೆ ಬರುವುದಿಲ್ಲ ಎಂದು ಹೇಳಿದಾಗ, ಗಾಂಧಿ ಪೆನ್ನಿನ ಕಾಲದಲ್ಲಿ ಕುಟುಂಬದ ಬೆಂಬಲಕ್ಕೆ ಕೊಟ್ಟಿದ್ದ ತೂಕ ಎಷ್ಟು ಹೆಚ್ಚಾಗಿತ್ತು ಎಂಬುದು ಇನ್ನಷ್ಟು ಸ್ಪಷ್ಟವಾಯಿತು.

ಉಳಿದ ಕೆಲಸ ಸರ್ಕಾರದ್ದು. 1950ರ ಕಾಯ್ದೆಯ ಅಡಿಯಲ್ಲಿ ಬರುವ ಅನುಮತಿಯ ಅರ್ಜಿಗಳನ್ನೂ ಅವುಗಳ ಮೇಲಿನ ತೀರ್ಮಾನಗಳನ್ನೂ ಕಾರಣಸಹಿತವಾಗಿ ಸಾರ್ವಜನಿಕರ ಮುಂದಿಡುವ ವ್ಯವಸ್ಥೆ ಬರಬೇಕು, ಮತ್ತು ದಂಡದ ಮೊತ್ತ ಸರಕಿನ ಬೆಲೆಗೂ ಮಾರಾಟಕ್ಕೂ ತಕ್ಕಂತೆ ಏರುವ ಪ್ರಮಾಣದಲ್ಲಿರಬೇಕು. ಆಗ ತಯಾರಕರು ಕೆತ್ತನೆಗೆ ಕೈ ಹಾಕುವ ಮೊದಲೇ ದೆಹಲಿಗೆ ಅರ್ಜಿ ಬರೆಯುತ್ತಾರೆ.